ಅಜ್ಜಿಯ ತೂಕ ನೋಡಿ ಬರಿ

ಲೀಡ್ಸ್, ಇಂಗ್ಲೆಂಡ್
ನವೆಂಬರ್ 12

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಇಲ್ಲಿ ಈಗ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ.

ಭಾನುವಾರ ವಿಡಿಯೋದಲ್ಲಿ ಅಜ್ಜಿ ಕೈ ಎತ್ತಿದಾಗ ಬಳೆ ಮೊಣಕೈವರೆಗೂ ಜಾರಿತು. 'ವಯಸ್ಸಾಯ್ತಲ್ಲ, ಇಳಿದುಹೋಗಿದ್ದಾರೆ' ಅಂದೆ ನೀನು. ಆಗಿನಿಂದ ಅದೇ ಯೋಚನೆ. ಫೋನಿನಲ್ಲಿ ಮಾತಾಡಿದರೆ ಅಜ್ಜಿಗೆ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡುವ ವೃದ್ಧರ ಮನೆಯಲ್ಲಿ ತಿಂಗಳಿಗೊಮ್ಮೆ ಎಲ್ಲರ ತೂಕ ನೋಡುತ್ತೇವೆ. ನಿಲ್ಲಲಾಗದವರನ್ನು ಕುರ್ಚಿ ಇರುವ ತಕ್ಕಡಿಯಲ್ಲಿ ಕೂರಿಸುತ್ತೇವೆ. ಆಮೇಲೆ 'ಮಸ್ಟ್' ಅನ್ನುವ ಲೆಕ್ಕ, ಮೈಗೆ ಪೋಷಣೆ ಸಾಲದೆ ಹೋಗುವ ಅಪಾಯ ಎಷ್ಟಿದೆ ಎಂದು ತಿಳಿಯಲು. ಮೂರರಿಂದ ಆರು ತಿಂಗಳಲ್ಲಿ ತೂಕ ತಾನಾಗಿ ನೂರಕ್ಕೆ 5ರಿಂದ 10ರಷ್ಟು ಇಳಿದರೆ ಒಂದು ಅಂಕ, 10ಕ್ಕಿಂತ ಜಾಸ್ತಿ ಇಳಿದರೆ ಎರಡು. ಎತ್ತರಕ್ಕೆ ತಕ್ಕ ತೂಕ ಇಲ್ಲದಿದ್ದರೆ ಅದಕ್ಕೂ ಅಂಕ ಸೇರುತ್ತದೆ. ಒಟ್ಟು ಎರಡು ಮುಟ್ಟಿದರೆ ಡಯಟಿಷಿಯನ್‌ಗೆ ತೋರಿಸಬೇಕು.

ಇಲ್ಲೊಬ್ಬ ಅಜ್ಜಿ ಮೂರು ತಿಂಗಳಲ್ಲಿ 52 ಕೆಜಿಯಿಂದ 48.5ಕ್ಕೆ ಬಂದರು. ಬರೀ ಮೂರೂವರೆ ಕೆಜಿ ಅಲ್ವಾ ಅನ್ನಿಸುತ್ತದೆ, ಆದರೆ ಅವರ ಮೈಗೆ ಅದು ನೂರಕ್ಕೆ ಆರಕ್ಕಿಂತ ಜಾಸ್ತಿ. ತಟ್ಟೆ ಖಾಲಿಯಾಗುತ್ತಿತ್ತು, ನಾನೂ 'ಪೂರ್ತಿ ತಿಂದರು' ಎಂದೇ ಬರೆಯುತ್ತಿದ್ದೆ. ಮೂರು ದಿನ ಪಕ್ಕದಲ್ಲೇ ಕೂತು ನೋಡಿದೆ. ತುತ್ತನ್ನು ಅಗಿದು ಅಗಿದು, ನುಂಗದೆ ಕರವಸ್ತ್ರದಲ್ಲಿ ಸುತ್ತಿಡುತ್ತಿದ್ದರು. ಹಲ್ಲಿನ ಸೆಟ್ ಸಡಿಲವಾಗಿ ವಸಡು ಹುಣ್ಣಾಗಿತ್ತು. ಮೈ ಇಳಿದರೆ ಸೆಟ್ ಸಡಿಲವಾಗುತ್ತದೆ, ಸಡಿಲವಾದರೆ ಊಟ ಇನ್ನೂ ಕಡಿಮೆಯಾಗುತ್ತದೆ. ಪಾಪ, ಯಾರಿಗೂ ಹೇಳಿರಲಿಲ್ಲ. ನನಗೆ ಆ ದಿನ ನಮ್ಮ ಅಜ್ಜಿಯೇ ಕಣ್ಣಮುಂದೆ ಬಂದರು.

ಅವರಿಗೆ ತಟ್ಟೆ ತುಂಬ ಬಡಿಸುವುದನ್ನು ಬಿಟ್ಟೆವು. ಮೆತ್ತಗಿನದನ್ನು ಸ್ವಲ್ಪ ಸ್ವಲ್ಪವೇ, ದಿನಕ್ಕೆ ಆರು ಸಲ ಕೊಟ್ಟೆವು. ಅರ್ಧ ಲೀಟರು ಹಾಲಿಗೆ ನಾಲ್ಕು ದೊಡ್ಡ ಚಮಚ ಹಾಲಿನ ಪುಡಿ ಕದಡಿ, ಗಂಜಿಗೂ ಕಾಫಿಗೂ ಅದನ್ನೇ ಬಳಸಿದೆವು. ಎರಡು ತಿಂಗಳಲ್ಲಿ ಒಂದೂವರೆ ಕೆಜಿ ಏರಿತು.

ನಮ್ಮ ಅಜ್ಜಿ ಹೇಗೆ ತಿನ್ನುತ್ತಾರೆ ಎಂದು ನೀನೂ ಪಕ್ಕದಲ್ಲಿ ಕೂತು ನೋಡು. ಬಾಯಿ ನೋಯುತ್ತಾ, ನುಂಗುವಾಗ ಕೆಮ್ಮು ಬರುತ್ತಾ, ಮಲಬದ್ಧತೆ ಇದೆಯಾ, ಹೊಸ ಮಾತ್ರೆ ಶುರುವಾದ ಮೇಲೆ ಹಸಿವು ಸತ್ತಿದೆಯಾ ಎಂದು ಕೇಳು. ಗಂಜಿಗೆ ಒಂದು ಚಮಚ ತುಪ್ಪ ಜಾಸ್ತಿ ಹಾಕು. ತೊವ್ವೆ ಗಟ್ಟಿಯಾಗಿರಲಿ. ಬರೀ ತಿಳಿಸಾರು ಅನ್ನ ಸಾಲದು. ಕೆಮ್ಮು ಬರುವುದಾದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ.

ನಿನ್ನ ಹೊಲಿಗೆ ಮಿಷನ್ನಿನ ಡ್ರಾಯರ್‌ನಲ್ಲಿ ಟೇಪ್ ಇದೆಯಲ್ಲ, ಅದರಲ್ಲಿ ಅಜ್ಜಿಯ ಎಡಗೈ ರಟ್ಟೆಯ ಸುತ್ತಳತೆ ತೆಗೆ. ಭುಜಕ್ಕೂ ಮೊಣಕೈಗೂ ನಡುಮಧ್ಯೆ ಅಳೆಯಬೇಕು. 23.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ತೂಕ ಸಾಲದು ಎಂದು ಇಲ್ಲಿ ಲೆಕ್ಕ. ತೂಕವನ್ನು ಅಪ್ಪ ಆಸ್ಪತ್ರೆಯಲ್ಲಿ ನೋಡಿಸಿಕೊಂಡು ಬರಲಿ, ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದಿಡಿ. ಕಾಲು ಊದಿದ್ದರೆ ಅದನ್ನೂ ಬರೆಯಿರಿ, ನೀರು ತುಂಬಿಕೊಂಡರೆ ತೂಕ ಇಳಿದದ್ದು ಗೊತ್ತಾಗುವುದಿಲ್ಲ.

ಈ ವಾರವೇ ಮಾಡು, ಅಮ್ಮಾ. ಎರಡೂ ಅಳತೆ ನನಗೆ ಕಳಿಸು.

ನಿನ್ನ ಮಗಳು,
ಸುಮಾ