ಗೆಳೆಯನಿಗೊಂದು ಪತ್ರ: ಶೋಕೇಸಿನಲ್ಲಿ ನಿಂತ ಶಾಬ್ಲಿ

ಗೆಳೆಯಾ,

ನೀನು ಕಳಿಸಿದ ಫೋಟೋ ನೋಡಿದೆ. ಶೋಕೇಸಿನ ನಡುವಿನ ಖಾನೆಯಲ್ಲಿ, ಮಗಳ ಕೇರಂ ಕಪ್ಪಿಗೂ ನಿಮ್ಮ ಮದುವೆ ಫೋಟೋಗೂ ಮಧ್ಯೆ, ಆ ವೈನ್ ಬಾಟಲಿ ನೆಟ್ಟಗೆ ನಿಂತಿದೆ. ತಲೆ ಮೇಲೆ ಟ್ಯೂಬ್‌ಲೈಟ್ ಬೇರೆ. ಕೆಳಗೆ ನೀನು ಬರೆದದ್ದು: "ಭಾವಮೈದ ಪ್ಯಾರಿಸ್‌ನಿಂದ ತಂದದ್ದು. ಎರಡು ವರ್ಷ ಆಯ್ತು. ಇನ್ನೂ ಹತ್ತು ವರ್ಷ ಇಟ್ಟು ಮಗಳ ಮದುವೆಗೆ ತೆಗೀತೀನಿ. ಹಳೇದಾದಷ್ಟೂ ರುಚಿ ಜಾಸ್ತಿ ಅಲ್ವಾ?"

ಅಲ್ಲ ಮಾರಾಯ. ಈ ಭಾನುವಾರವೇ ತೆಗೆದುಬಿಡು. ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕಿ ಮಾತು ಎಲ್ಲಿಗೋ ಒಯ್ಯುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಫೋಟೋ ದೊಡ್ಡದು ಮಾಡಿ ಚೀಟಿ ಓದಿದೆ. ಶಾಬ್ಲಿ, 2020ರ ಬೆಳೆ. ಶಾಬ್ಲಿ ಅನ್ನೋದು ಊರಿನ ಹೆಸರು, ಅಲ್ಲಿನ ಬಿಳಿ ವೈನಿಗೂ ಅದೇ ಹೆಸರು. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಉತ್ತರದ ತುದಿಯಲ್ಲಿದೆ, ಪ್ಯಾರಿಸ್‌ನಿಂದ ಸುಮಾರು 180 ಕಿಲೋಮೀಟರ್. ನಾನಿರುವ ಲಿಯೋನ್‌ನಿಂದ ಕಾರಿನಲ್ಲಿ ಮೂರು ಗಂಟೆಯ ದಾರಿ. ಸೆರೆಂ ಅಂತ ಒಂದು ಸಣ್ಣ ಹೊಳೆ, ಅದರ ಎರಡೂ ಕಡೆ ಗುಡ್ಡ, ಗುಡ್ಡದ ತುಂಬ ದ್ರಾಕ್ಷಿ. ಶಾಬ್ಲಿ ಅಂತ ಚೀಟಿ ಹಚ್ಚಬೇಕಾದರೆ ಶಾರ್ಡೊನೆ ದ್ರಾಕ್ಷಿ ಒಂದೇ, ಬೇರೆ ಯಾವುದೂ ಸೇರುವಂತಿಲ್ಲ. ಮಣ್ಣು ಸುಣ್ಣದ್ದು. ಬಳ್ಳಿಯ ಸಾಲಿನ ನಡುವೆ ಬಗ್ಗಿ ಒಂದು ಕಲ್ಲು ಎತ್ತಿಕೊಂಡರೆ ಅದರ ಮೈತುಂಬ ಉಗುರಿನಷ್ಟು ಸಣ್ಣ ಚಿಪ್ಪುಗಳು ಅಂಟಿಕೊಂಡಿರುತ್ತವೆ. ಅಲ್ಪವಿರಾಮದ ಚಿಹ್ನೆ ಹಾಕಿದ ಹಾಗೆ ಒಂದು ಕಡೆ ಬಾಗಿರುತ್ತವೆ. ಸುಮಾರು 15 ಕೋಟಿ ವರ್ಷದ ಹಿಂದೆ ಅಲ್ಲಿ ಸಮುದ್ರ ಇತ್ತು, ಅದರ ಸಿಂಪಿಗಳು ಅವು. ಒಂದು ಕಲ್ಲು ಜೇಬಿಗೆ ಹಾಕಿಕೊಂಡು ಬಂದಿದ್ದೇನೆ. ಈಗ ಪತ್ರದ ಮೇಲೆ ಅದನ್ನೇ ಇಟ್ಟಿರುವುದು, ಕಿಟಕಿ ತೆರೆದಿದೆ.

ಶಾಬ್ಲಿಯಲ್ಲಿ ನಾಲ್ಕು ದರ್ಜೆ. ಪೆತಿ ಶಾಬ್ಲಿ, ಬರೀ ಶಾಬ್ಲಿ, ಪ್ರೆಮಿಯೆ ಕ್ರೂ, ಎಲ್ಲಕ್ಕಿಂತ ಮೇಲೆ ಗ್ರಾಂ ಕ್ರೂ. ಗ್ರಾಂ ಕ್ರೂ ಅಂದರೆ ಊರಿನ ಆಚೆ ದಂಡೆಯಲ್ಲಿರುವ ಒಂದೇ ಇಳಿಜಾರು. ಬಿಸಿಲಿಗೆ ಮುಖ ಕೊಟ್ಟು ಕೂತ ಸುಮಾರು 100 ಹೆಕ್ಟೇರ್ ನೆಲ, ಏಳು ಹೆಸರಿನ ಏಳು ತುಂಡು. ಅದು ಹದಿನೈದು ವರ್ಷ ಇಟ್ಟರೂ ತಡೆಯುತ್ತದೆ. ನಿನ್ನದು ಎರಡನೇ ದರ್ಜೆಯದು. ಮುಖ ಸಣ್ಣ ಮಾಡ್ಕೋಬೇಡ, ಒಳ್ಳೆಯ ವೈನೇ. ಆದರೆ ಅದನ್ನು ಮಾಡುವವರೇ ಮೂರರಿಂದ ಐದು ವರ್ಷದೊಳಗೆ ಕುಡಿಯಲಿ ಅಂತ ಮಾಡಿರುತ್ತಾರೆ. ಲೋಕದಲ್ಲಿ ತಯಾರಾಗುವ ವೈನಿನಲ್ಲಿ ಬಹುಪಾಲು ಇದೇ ಜಾತಿ. ಹಳೆಯದಾಗಿ ಚೆನ್ನಾಗುವುದು ಬಲು ಸ್ವಲ್ಪ. ಈ "ಹಳೇದಾದಷ್ಟೂ" ಅನ್ನುವ ಮಾತು ನಮ್ಮೂರಿಗೆ ಯಾರು ತಂದರೋ ಗೊತ್ತಿಲ್ಲ, ರಮ್ಮು ಬ್ರಾಂದಿಯ ಜಾಹೀರಾತು ನೋಡಿ ಬಂದಿರಬೇಕು.

ಹಾಗಾದರೆ ಆ ಸ್ವಲ್ಪ ಯಾಕೆ ತಡೆಯುತ್ತದೆ? ಹುಳಿಯಿಂದ. ದ್ರಾಕ್ಷಿಯಲ್ಲಿರುವ ಮುಖ್ಯ ಹುಳಿ ಟಾರ್ಟಾರಿಕ್ ಆಮ್ಲ. ನಿಮ್ಮ ಮನೆಯ ಸಾರಿಗೆ ಹುಣಸೆಹಣ್ಣಿನಿಂದ ಇಳಿಯುವುದೂ ಅದೇ, ಬೇರೆಯಲ್ಲ. ಶಾಬ್ಲಿ ಚಳಿಯ ಊರಾದ್ದರಿಂದ ಹಣ್ಣು ನಿಧಾನಕ್ಕೆ ಮಾಗುತ್ತದೆ, ಹುಳಿ ಉಳಿದುಕೊಳ್ಳುತ್ತದೆ. ಚಳಿ ಎಷ್ಟು ಅಂದರೆ ಚಿಗುರು ಬಂದ ಮೇಲೂ ಹಿಮ ಬೀಳುವ ಭಯ. 2021ರ ಏಪ್ರಿಲ್‌ನಲ್ಲಿ ಹಾಗೇ ಆಯಿತು. ರಾತ್ರಿಯಿಡೀ ಸಾಲಿನ ನಡುವೆ ಮೇಣ ತುಂಬಿದ ಡಬ್ಬಿಗಳಿಗೆ ದೀಪ ಹಚ್ಚಿಟ್ಟು ಕಾದರು. ಕೆಲವರು ಚಿಗುರಿನ ಮೇಲೆ ನೀರು ಚಿಮುಕಿಸುತ್ತಾರೆ. ನೀರು ಗಡ್ಡೆ ಕಟ್ಟುವಾಗ ಬಿಡುವ ಅಷ್ಟಿಷ್ಟು ಶಾಖವೇ ಒಳಗಿನ ಮೊಗ್ಗನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಗಾಜಿನೊಳಗೆ ಇಟ್ಟ ಹಾಗೆ ಕಾಣುತ್ತದೆ ಚಿಗುರು. ಆದರೂ ಆ ವರ್ಷ ಬೆಳೆಯ ದೊಡ್ಡ ಪಾಲು ಹೋಯಿತು.

ಬಾಟಲಿಯೊಳಗೆ ನಡೆಯುವುದು ಹೀಗೆ. ಹೊಸ ವೈನಿನ ಹಣ್ಣಿನ ಪರಿಮಳ ಮೊದಲು ಕರಗುತ್ತದೆ. ಕಾರ್ಕ್ ಬಿರಡೆಯ ಮೂಲಕ ಒಂದಿಷ್ಟು ಗಾಳಿ ವರ್ಷಗಟ್ಟಲೆ ಒಳಗೆ ಇಳಿಯುತ್ತಿರುತ್ತದೆ. ಬಣ್ಣ ಕಂದುತ್ತದೆ. ಕೆಂಪು ವೈನ್ ಹಳತಾದರೆ ಬಣ್ಣ ತಿಳಿಯಾಗುತ್ತದೆ, ಬಿಳಿಯದು ಗಾಢವಾಗುತ್ತದೆ, ಇದು ನನಗೆ ಮೊದಲು ತಲೆಗೇ ಹೋಗಿರಲಿಲ್ಲ. ಆಮೇಲೆ ನಮ್ಮಜ್ಜಿ ಅಟ್ಟದ ಮೇಲೆ ಇಡುತ್ತಿದ್ದ ಹುಣಸೆ ಭರಣಿ ನೆನಪಾಯಿತು. ಹೊಸ ಹುಣಸೆ ಕೆಂಪಗೆ, ಮೂರು ವರ್ಷದ್ದು ಕಪ್ಪಗೆ. ಹುಳಿ ಮಾತ್ರ ಹಾಗೇ. ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಅಂತಾರಲ್ಲ, ಶಾಬ್ಲಿಗೂ ಅದು ಅಕ್ಷರಶಃ ಸತ್ಯ. ಸುತ್ತ ಇರುವುದೆಲ್ಲ ಬದಲಾಗುತ್ತ ಹೋಗುತ್ತದೆ, ನಡುವಿನ ಹುಳಿ ಅಲ್ಲಾಡುವುದಿಲ್ಲ. ಆ ಬದಲಾವಣೆ ನಿಧಾನವಾಗಿ ನಡೆದರಷ್ಟೇ ಚಂದ. ಅದಕ್ಕೆ 12 ಡಿಗ್ರಿ ಆಸುಪಾಸಿನ ತಂಪು, ಕತ್ತಲು, ಬಾಟಲಿ ಮಲಗಿರಬೇಕು, ಬಿರಡೆ ಒದ್ದೆ ಇರಬೇಕು. ಹತ್ತು ಡಿಗ್ರಿ ಏರಿದರೆ ಒಳಗಿನ ಕ್ರಿಯೆಗಳ ಓಟ ಹೆಚ್ಚುಕಡಿಮೆ ದುಪ್ಪಟ್ಟು. ದಾವಣಗೆರೆಯ ಏಪ್ರಿಲ್ ನಿನಗೆ ನಾನು ಹೇಳಬೇಕಾ? ನಿನ್ನ ಶೋಕೇಸಿನ ಎರಡು ವರ್ಷ ಇಲ್ಲಿನ ನೆಲಮಾಳಿಗೆಯ ಎಷ್ಟು ವರ್ಷಕ್ಕೆ ಸಮ ಅಂತ ನೀನೇ ಲೆಕ್ಕ ಹಾಕು.

ನಾನೇನೂ ದೊಡ್ಡ ಪಂಡಿತ ಅಲ್ಲ. ನನ್ನ ಕಥೆ ಕೇಳು.

2017ರಲ್ಲಿ ಅದೇ ಊರಿಗೆ ಹೋದಾಗ ಒಬ್ಬ ರೈತನ ಮನೆಯಲ್ಲಿ ಆರು ಬಾಟಲಿಯ ಒಂದು ಪೆಟ್ಟಿಗೆ ಕೊಂಡೆ. ಮೋಂತೆ ದ ತೊನ್ನೇರ್ ಎಂಬ ಪ್ರೆಮಿಯೆ ಕ್ರೂ, 2014ರ ಬೆಳೆ. ಅದು ಬಿಳಿ ವೈನಿಗೆ ಬಹಳ ಒಳ್ಳೆಯ ವರ್ಷ, ಹುಳಿ ಗಟ್ಟಿ. ನಮ್ಮ ಹಳೇ ಕಟ್ಟಡದ ಪ್ರತಿ ಮನೆಗೂ ನೆಲದಡಿ ಒಂದೊಂದು ಕಾವ್, ಅಂದರೆ ನೆಲಮಾಳಿಗೆ ಇದೆ, ಮರದ ಬಾಗಿಲು, ತುಕ್ಕು ಬೀಗ. ಸೈಕಲ್ಲು, ಹಳೇ ಹಾಸಿಗೆ ಇಡೋ ಜಾಗ. ಅಲ್ಲೇ ಪೆಟ್ಟಿಗೆ ಮಲಗಿಸಿದೆ.

ಮೊದಲನೆಯದನ್ನು ತಡೆಯಲಾರದೆ ಅದೇ ವಾರ ತೆಗೆದೆ. ನಿಂಬೆಹಣ್ಣು, ಕಾಯಿ ಸೇಬು, ಮಳೆ ಬಿದ್ದ ಕಲ್ಲಿನ ವಾಸನೆ. ಹಲ್ಲು ಜುಮ್ಮೆಂದಿತು. 2019ರಲ್ಲಿ ಎರಡನೆಯದು. ಏನೂ ಇಲ್ಲ. ವಾಸನೆ ಇಲ್ಲ, ರುಚಿ ಇಲ್ಲ, ಬರೀ ಹುಳಿ ನೀರು. ಕೆಟ್ಟುಹೋಯಿತೇನೋ ಅಂದುಕೊಂಡೆ. ಆಫೀಸಿನ ಗೆಳೆಯ ಒಂದು ಗುಟುಕು ಕುಡಿದು "ಫೆರ್ಮೆ" ಅಂದ. ಬಾಗಿಲು ಹಾಕಿಕೊಂಡಿದೆ ಅಂತ ಅರ್ಥ. ಒಳ್ಳೆಯ ಬಿಳಿ ವೈನುಗಳು ನಡುವೆ ಕೆಲವು ವರ್ಷ ಹೀಗೆ ಮುನಿಸಿಕೊಂಡು ಕೂರುತ್ತವಂತೆ. ಹಣ್ಣಿನ ವಾಸನೆ ಹೋಗಿದೆ, ಮುಪ್ಪಿನ ವಾಸನೆ ಇನ್ನೂ ಬಂದಿಲ್ಲ. ಮೀಸೆ ಚಿಗುರುವ ವಯಸ್ಸಿನ ಹುಡುಗರು ಮನೆಗೆ ಬಂದವರ ಹತ್ತಿರ ಮಾತಾಡುವುದಿಲ್ಲವಲ್ಲ, ಹಾಗೆ.

ಮೂರನೆಯದು 2020ರ ಲಾಕ್‌ಡೌನಿನಲ್ಲಿ. ಬಿರಡೆ ತೆಗೆದ ಕೂಡಲೇ ಮಳೆಗಾಲದಲ್ಲಿ ನೆಂದ ಗೋಣಿಚೀಲದ ನಾತ. ಇದು ಬಿರಡೆಯ ರೋಗ. ಟಿಸಿಎ ಅನ್ನೋ ಒಂದು ವಸ್ತು ಬಿರಡೆಯಿಂದ ಇಳಿದಿರುತ್ತದೆ, ಒಂದು ಲಕ್ಷ ಕೋಟಿಯಲ್ಲಿ ನಾಲ್ಕೈದು ಪಾಲು ಇದ್ದರೂ ಮೂಗಿಗೆ ಹೊಡೆಯುತ್ತದೆ. ಸಿಂಕಿಗೆ ಸುರಿದೆ.

ನಾಲ್ಕನೆಯದು ಸಿಟ್ಟು ಬರಿಸಿತು. 2021ರ ಡಿಸೆಂಬರ್. ಗ್ಲಾಸಿಗೆ ಬಗ್ಗಿಸಿದರೆ ತಿಳಿ ಚಹಾದ ಬಣ್ಣ. ಕೊಯ್ದಿಟ್ಟು ಮರೆತ ಸೇಬಿನ ವಾಸನೆ. ಏಳು ವರ್ಷಕ್ಕೇ ಮುಪ್ಪು. ಅದೇ ಪೆಟ್ಟಿಗೆ, ಅದೇ ಕತ್ತಲು, ಪಕ್ಕದಲ್ಲೇ ಮಲಗಿದ್ದ ಬಾಟಲಿ! ಆಮೇಲೆ ತಿಳಿಯಿತು, ಇದಕ್ಕೆ ಇಲ್ಲಿ ಪ್ರೆಮಾಕ್ಸ್ ಅಂತ ಹೆಸರೇ ಇದೆ, ಹೊತ್ತಿಗೆ ಮುಂಚಿನ ಆಕ್ಸಿಡೇಶನ್, ಅಂದರೆ ಗಾಳಿ ತಾಗಿ ಬೇಗ ಕಂದುವುದು. 1995, 1996ರ ಬರ್ಗಂಡಿ ಬಿಳಿ ವೈನುಗಳನ್ನು ದುಬಾರಿ ಬೆಲೆ ಕೊಟ್ಟು ಜೋಪಾನ ಮಾಡಿದವರು 2000ದ ನಂತರ ತೆಗೆದು ನೋಡಿದರೆ ಹಲವು ಬಾಟಲಿ ಹೀಗೇ ಕಂದಿದ್ದವು. ಕೆಲವರು ಬಿರಡೆಯನ್ನು ಬೈದರು. ಕೆಲವರು ವೈನ್ ಕೆಡದಿರಲಿ ಅಂತ ಹಾಕುವ ಗಂಧಕ ಕಡಿಮೆ ಹಾಕಿದ್ದೇ ತಪ್ಪು ಅಂದರು. ನನಗೆ ಹಿಡಿಸಿದ್ದು ಮೂರನೇ ವಾದ. ಹಳೇ ಕಾಲದ ಒತ್ತುಯಂತ್ರ ಹಣ್ಣನ್ನು ಒರಟಾಗಿ ಹಿಂಡುತ್ತಿತ್ತು, ರಸ ತೊಟ್ಟಿಯಲ್ಲೇ ಕಂದುಬಣ್ಣಕ್ಕೆ ತಿರುಗುತ್ತಿತ್ತು, ಆ ಕಂದು ತಳಕ್ಕೆ ಕೂತು ವೈನ್ ತಿಳಿಯಾಗುತ್ತಿತ್ತು. ಮುಂದೆ ಬಾಟಲಿಯಲ್ಲಿ ಕಂದಲು ಏನೂ ಉಳಿಯುತ್ತಿರಲಿಲ್ಲ. ಹೊಸ ಯಂತ್ರ ಮಗುವನ್ನು ಮುಟ್ಟಿದ ಹಾಗೆ ಮೆತ್ತಗೆ ಒತ್ತುತ್ತದೆ, ರಸ ಹಾಲಿನ ಹಾಗೆ ಚೊಕ್ಕ, ಕಂದುವ ಕೆಲಸ ಮಾತ್ರ ಬಾಟಲಿಗೆ ಬಾಕಿ. ಅತಿ ಜೋಪಾನ ಮಾಡಿದ್ದೇ ಮುಳುವಾಯಿತು ಅನ್ನು. ಈಗ ಎಷ್ಟೋ ಮಂದಿ ಬಿರಡೆ ಪುಡಿಯನ್ನು ಶುದ್ಧ ಮಾಡಿ ಒತ್ತಿ ತಯಾರಿಸಿದ ಬಿರಡೆಗೆ ಬದಲಾಗಿದ್ದಾರೆ.

ಐದನೆಯದನ್ನು ಆಸೆಯಿಲ್ಲದೆ ತೆಗೆದೆ. 2023ರ ನವೆಂಬರ್, ಹೊರಗೆ ಜಿಟಿಜಿಟಿ ಮಳೆ. ಬಿರಡೆಯ ತಳದಲ್ಲಿ ಸಕ್ಕರೆ ಹರಳಿನಂಥವು ಮಿನುಗುತ್ತಿದ್ದವು. ಹೆದರಬೇಕಿಲ್ಲ, ಹುಳಿಯೇ ಹರಳುಗಟ್ಟಿರುವುದು. ಬಣ್ಣ ಆಗತಾನೇ ಕಾಸಿದ ತುಪ್ಪದ್ದು, ಕಂದು ಇಲ್ಲ. ಮೂಗು ಹಾಕಿದರೆ ಮೊದಲು ಗೀರಿದ ಬೆಂಕಿಕಡ್ಡಿ. ಸುಮ್ನೆ ಬಿಟ್ಟೆ. ಹತ್ತು ನಿಮಿಷಕ್ಕೆ ಅದು ಹೋಯಿತು. ಆಮೇಲೆ ಒಣಗಿದ ಸೇವಂತಿಗೆ, ಅಣಬೆ, ಜೇನು. ಜೇನಿನ ವಾಸನೆ ಇದೆ, ಬಾಯಿಗಿಟ್ಟರೆ ಸಿಹಿ ಒಂದು ಚೂರೂ ಇಲ್ಲ. ಮೂಗು ಒಂದು ಹೇಳಿದರೆ ನಾಲಿಗೆ ಇನ್ನೊಂದು ಹೇಳುತ್ತದೆ. ಹುಳಿ ಅಲ್ಲೇ ಇತ್ತು, ಆದರೆ ಚುಚ್ಚಲಿಲ್ಲ. ಕೊನೆಗೆ ಮಜ್ಜಿಗೆ ಮೇಲೆ ಚಿಟಿಕೆ ಉಪ್ಪು ಉದುರಿಸಿದ ಹಾಗೆ ಒಂದು ಉಪ್ಪುಪ್ಪು. ನುಂಗಿದ ಮೇಲೆ ರುಚಿ ಎಷ್ಟು ಸೆಕೆಂಡ್ ಉಳಿಯುತ್ತದೆ ಅಂತ ಇವರು ಎಣಿಸುತ್ತಾರೆ. ಒಂದು ಸೆಕೆಂಡಿಗೆ ಒಂದು ಕೋದಲಿ. ನಾನೂ ಬೆರಳು ಮಡಚುತ್ತ ಎಣಿಸಿದೆ. ಎರಡೂ ಕೈಯ ಬೆರಳು ಮುಗಿದು ಮತ್ತೆ ಮೊದಲ ಕೈಗೆ ಬಂದೆ. ಹೆಂಡತಿ "ಜಪ ಮಾಡ್ತಿದ್ದೀರಾ?" ಅಂದಳು. ಒಂದು ಗಂಟೆ ಕಳೆದು ಅದು ಕೋಣೆಯ ಬಿಸಿಗೆ ಬಂದಾಗ ಇನ್ನೂ ಚೆನ್ನಾಯಿತು. ಬೆಣ್ಣೆ, ಹುರಿದ ಬೀಜ. ಬಾಟಲಿ ಖಾಲಿಯಾಗುವವರೆಗೆ ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಐದರಲ್ಲಿ ಒಂದು. ಷೇರು ಮಾರ್ಕೆಟ್ಟಿನಲ್ಲಿ ದುಡ್ಡು ಕಳಕೊಂಡ ನಿನ್ನ ದೊಡ್ಡಪ್ಪ ಕೂಡ ಈ ಲೆಕ್ಕ ಕೇಳಿ ನಕ್ಕಾರು. ಆರು ಬಾಟಲಿ, ತಂಪು ನೆಲಮಾಳಿಗೆ ಇರುವವನು ಈ ಜೂಜು ಆಡಬಹುದು. ಒಂದೇ ಬಾಟಲಿ ಇಟ್ಟುಕೊಂಡವನು ಆಡಬಾರದು. ಶೋಕೇಸಿನಲ್ಲಿ ಇಟ್ಟುಕೊಂಡವನಂತೂ ಬೇಡವೇ ಬೇಡ. ನನ್ನ ಆರನೆಯದು ಇನ್ನೂ ಕೆಳಗೆ ಮಲಗಿದೆ. ನಿನ್ನ ಮಗಳ ಮದುವೆಗೆ ಅದನ್ನು ತರುತ್ತೇನೆ ಅಂತ ಹೇಳುವ ಧೈರ್ಯ ನನಗಿಲ್ಲ, ಅಷ್ಟು ಹೊತ್ತಿಗೆ ಅದಕ್ಕೆ ಇಪ್ಪತ್ತು ದಾಟಿರುತ್ತದೆ.

ಈಗ ಭಾನುವಾರದ ವಿಷಯ. ಬೆಳಿಗ್ಗೆಯೇ ಬಾಟಲಿಯನ್ನು ಫ್ರಿಜ್ಜಿನಲ್ಲಿಡು. ತೆಗೆದು ಹತ್ತು ನಿಮಿಷ ಹೊರಗೆ ಬಿಡು, ನಿಮ್ಮ ಸೆಕೆಗೆ ಅಷ್ಟು ಸಾಕು. ಕೊರೆಯುವ ತಣ್ಣಗಿದ್ದರೆ ಯಾವ ವಾಸನೆಯೂ ಏಳುವುದಿಲ್ಲ. ಐಸ್ ಹಾಕಿದೆಯೋ, ಸ್ನೇಹ ಕಟ್. ಸ್ಟೀಲ್ ಲೋಟ ಬೇಡ, ಹೊಟ್ಟೆ ದಪ್ಪಗಿರುವ ಗಾಜಿನ ಲೋಟ ಇದ್ದರೆ ಒಳ್ಳೆಯದು. ಮೂರನೇ ಒಂದು ಭಾಗ ಮಾತ್ರ ತುಂಬು, ಉಳಿದದ್ದು ವಾಸನೆಗೆ ಜಾಗ. ನಂಜಿಕೊಳ್ಳಲು ಮಿರ್ಚಿ ಮಂಡಕ್ಕಿ ತರಬೇಡ. ಖಾರ ತಾಗಿದರೆ ಹುಳಿ ಕತ್ತಿಯ ಹಾಗಾಗುತ್ತದೆ. ಇಲ್ಲಿಯವರು ಶಾಬ್ಲಿಗೆ ಹಸಿ ಸಿಂಪಿ ತಿನ್ನುತ್ತಾರೆ, ಇಲ್ಲವೇ ಮೇಕೆ ಹಾಲಿನ ಚೀಸ್. ನಾನು ನಿನ್ನ ಜಾಗದಲ್ಲಿದ್ದರೆ ಬೆಣ್ಣೆ ಖಾಲಿ ದೋಸೆ ಕಟ್ಟಿಸಿಕೊಂಡು ಬರುತ್ತಿದ್ದೆ, ಚಟ್ನಿ ಬದಿಗಿಟ್ಟು. ಬೆಣ್ಣೆಗೂ ಈ ಹುಳಿಗೂ ಚೆನ್ನಾಗಿ ಕೂಡಿಬರುತ್ತದೆ.

ಮೊದಲ ಲೋಟ ಸುರಿದ ಕೂಡಲೇ ಬಿಳಿ ಗೋಡೆಯ ಮುಂದೆ ಹಿಡಿದು ಫೋಟೋ ತೆಗೆದು ಕಳಿಸು, ಬಣ್ಣ ನೋಡಿದರೆ ಅರ್ಧ ಗೊತ್ತಾಗುತ್ತದೆ. ಎರಡು ವರ್ಷ ನಿಂತೇ ಇದ್ದದ್ದರಿಂದ ಬಿರಡೆ ಒಣಗಿ ಎಳೆಯುವಾಗ ಪುಡಿಯಾದೀತು. ಒಳಗೆ ಬಿದ್ದರೆ ಗಾಬರಿ ಬೇಡ, ಟೀ ಸೋಸೋ ಜಾಲರಿಯಲ್ಲಿ ಸೋಸಿಕೋ. ಜಾಲರಿ ಮೊದಲು ಚೆನ್ನಾಗಿ ತೊಳಿ ಅಷ್ಟೇ.

ನಿನ್ನವನೇ