ಕ್ರಿಲ್ ಮರಿಗೆ ಉಪವಾಸ ತಡೆಯದು

ಮಾನ್ಯ ಸಂಪಾದಕರೇ,

ಅಂಟಾರ್ಕ್ಟಿಕಾದ ಮಂಜುಗಡ್ಡೆ ಕುರಿತ ನಿಮ್ಮ ಭಾನುವಾರದ ಬರಹದಲ್ಲಿ ‘ಕ್ರಿಲ್‌ಗಳು ಚಳಿಗಾಲವನ್ನು ಉಪವಾಸದಲ್ಲೇ ಕಳೆಯುತ್ತವೆ’ ಎಂದಿತ್ತು. ಕ್ರಿಲ್ ಎಂದರೆ ಸೀಗಡಿಯಂಥ ಪುಟ್ಟ ಕಡಲಜೀವಿ. ಬೆಳೆದ ಕ್ರಿಲ್‌ಗೆ ಈ ಮಾತು ಒಂದು ಮಟ್ಟಿಗೆ ಸರಿ. ಅದರ ಮೈಯಲ್ಲಿ ಕೊಬ್ಬು ಇರುತ್ತದೆ, ಅದೂ ಸಾಲದಿದ್ದರೆ ಪೊರೆ ಬಿಡುತ್ತಾ ದೇಹವನ್ನೇ ಕಿರಿದು ಮಾಡಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ 200 ದಿನಕ್ಕೂ ಹೆಚ್ಚು ಏನೂ ತಿನ್ನದೆ ಬದುಕಿದ್ದುಂಟು. ಆದರೆ ಅದೇ ವರ್ಷ ಹುಟ್ಟಿದ ಮರಿಗೆ ಇದು ಸಾಧ್ಯವಿಲ್ಲ. ನಾನು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ. ದೊಡ್ಡ ಹುಳುವಿಗೆ ಒಂದು ಹೊತ್ತು ಸೊಪ್ಪು ತಡವಾದರೂ ಹೇಗೋ ತಡೆದೀತು, ಚಾಕಿ ಹುಳುವಿಗೆ, ಅಂದರೆ ಮೊಟ್ಟೆಯೊಡೆದ ಹೊಸತರ ಎಳೆ ಹುಳುವಿಗೆ, ಎಳೆ ಸೊಪ್ಪು ಹೊತ್ತಿಗೆ ಸರಿಯಾಗಿ ಬೀಳದಿದ್ದರೆ ಬೆಳೆಯ ಆಸೆ ಬಿಟ್ಟಂತೆಯೇ. ಅದಕ್ಕೇ ಆ ಸಾಲು ನನ್ನನ್ನು ತಡೆದು ನಿಲ್ಲಿಸಿತು.

ಅಲ್ಲಿನ ಬೇಸಿಗೆಯಲ್ಲಿ ಇಟ್ಟ ಮೊಟ್ಟೆ ನೂರಾರು ಮೀಟರ್ ಆಳಕ್ಕೆ ಇಳಿದು ಒಡೆಯುತ್ತದೆ. ಮರಿ ಮೊಟ್ಟೆಯ ಸತ್ವವನ್ನೇ ನಂಬಿಕೊಂಡು ವಾರಗಟ್ಟಲೆ ಮೇಲಕ್ಕೆ ಈಜಬೇಕು. ಬಂದು ಸೇರಿ, ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುವಷ್ಟರಲ್ಲಿ ಬಿಸಿಲು ಹೋಗಿ, ನೀರಿನ ಪಾಚಿಯೂ ಖಾಲಿ. ಕೊಬ್ಬಿನ ದಾಸ್ತಾನು ಇಲ್ಲದ ಈ ಮರಿ ಕೆಲವೇ ವಾರ ಹಸಿದರೂ ಮತ್ತೆ ಚೇತರಿಸಿಕೊಳ್ಳದು. ಆಗ ಉಳಿಯುವುದು ಮಂಜುಗಡ್ಡೆಯ ತಳಭಾಗ. ಅಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಕಂದು ಬಣ್ಣದ ಲೇಪದಂತೆ ಅಂಟಿರುತ್ತದೆ. ಮರಿಗಳು ತಲೆಕೆಳಗಾಗಿ ನಿಂತು ಅದನ್ನು ಕಾಲಿನಿಂದ ಕೆರೆದು ತಿನ್ನುತ್ತವೆ.

ಹಾಗೆಂದು ಮಂಜುಗಡ್ಡೆ ಇದ್ದಲ್ಲೆಲ್ಲ ಮೇವು ಇದೆ ಎಂದಲ್ಲ. 2013ರ ಚಳಿಗಾಲದಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗಿನ ಸಂಶೋಧಕರು ಗಡ್ಡೆಯಡಿ ಮುಳುಗಿ ನೋಡಿದರು. ಗಡ್ಡೆಗಳು ಒಂದರ ಮೇಲೊಂದು ಏರಿ ಸಂದುಗೊಂದು ಆದ ಕಡೆ ಮರಿಗಳು ಹಗಲು ಅಡಗಿದ್ದವು, ರಾತ್ರಿ ನೀರಿಗೆ ಇಳಿಯುತ್ತಿದ್ದವು. ದಟ್ಟ ಗಡ್ಡೆಯ ಅಡಿ ಸಿಕ್ಕ ಆಹಾರ ಮಾತ್ರ ಕಡಿಮೆಯೇ. ಬೆಳಕು ನುಗ್ಗುವ ಅಂಚಿನ ಪ್ರದೇಶವೇ ಮೇಲು. ಆದ್ದರಿಂದ 2023ರ ಸೆಪ್ಟೆಂಬರ್‌ನಲ್ಲಿ ಗಡ್ಡೆಯ ವಿಸ್ತೀರ್ಣ ಸುಮಾರು 1.7 ಕೋಟಿ ಚದರ ಕಿ.ಮೀ.ಗೆ ಸೀಮಿತವಾಗಿ, ಚಳಿಗಾಲದ ಅತಿ ಕಡಿಮೆ ಹರಹಿನ ದಾಖಲೆ ಬರೆಯಿತು ಎನ್ನುವಷ್ಟಕ್ಕೆ ಸುದ್ದಿ ಮುಗಿಯಬಾರದು. ಗಡ್ಡೆ ಯಾವ ತಿಂಗಳು ಕಟ್ಟಿತು, ತಳ ಸಪಾಟೋ ಒರಟೋ, ಇದನ್ನೂ ಬರೆಯಿರಿ.

ಇನ್ನೊಂದು. ಕ್ರಿಲ್ ಎಣ್ಣೆಯ ಮಾತ್ರೆ ಈಗ ನಮ್ಮ ಕಡೆಯ ಮೆಡಿಕಲ್ ಸ್ಟೋರಿಗೂ ಬಂದಿದೆ. 2025ರಲ್ಲಿ ದಕ್ಷಿಣ ಅಟ್ಲಾಂಟಿಕ್ ಕಡೆ ಕ್ರಿಲ್ ಹಿಡಿಯಲು ಇದ್ದ 6.20 ಲಕ್ಷ ಟನ್ ಮಿತಿ ಹಂಗಾಮು ಮುಗಿಯುವ ಮೊದಲೇ ಮುಟ್ಟಿ, ಆಗಸ್ಟ್‌ನಲ್ಲೇ ಮೀನುಗಾರಿಕೆ ನಿಲ್ಲಿಸಬೇಕಾಯಿತು. ಈ ಮಿತಿ ನಿರ್ಧರಿಸುವ ಆಯೋಗ ಪ್ರತಿ ವರ್ಷ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಸೇರುತ್ತದೆ, ಭಾರತವೂ ಅದರ ಸದಸ್ಯ. ಅಲ್ಲಿ ನಮ್ಮವರು ಯಾವ ನಿಲುವು ತಳೆಯುತ್ತಾರೆ ಎಂದು ನಿಮ್ಮ ದೆಹಲಿ ವರದಿಗಾರರು ಭೂ ವಿಜ್ಞಾನ ಸಚಿವಾಲಯದಲ್ಲಿ ವಿಚಾರಿಸಿ ಬರೆಯಲಿ.

– ಓದುಗ, ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ