ಸುರಂಗ ತೋರಿಸಿದ ಅಣ್ಣನಿಗೆ

ಕಾಸರಗೋಡು ಜಿಲ್ಲೆಯ ಬಾಯಾರು ಊರಿನ ಗುಡ್ಡದಲ್ಲಿ ನನಗೆ ಸುರಂಗ ತೋರಿಸಿದ ಅಣ್ಣಾ, ಹೆಸರು ಕೇಳುವಷ್ಟರಲ್ಲಿ ನೀವು ತೋಟಕ್ಕೆ ಇಳಿದಾಗಿತ್ತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ದೆವ್ವದ ಕಥೆ ಬರೆಯುವವಳು. ಪ್ರಕಾಶಕರಿಲ್ಲ, ಅಚ್ಚು ಹಾಕಿಸುವುದು, ಕಟ್ಟು ಹೊತ್ತು ಮಾರುವುದು ಎಲ್ಲ ನಾನೇ. ಇಂಥ ಕಥೆಯೆಂದರೆ ಹಲವರು ಮೂಗು ಮುರಿಯುತ್ತಾರೆ. ನೀವು ಮುರಿಯಲಿಲ್ಲ.

ಗುಡ್ಡದ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು, ಅಡ್ಡಕ್ಕೆ ಕೊರೆದು ನೀರು ತೆಗೆದ ಆ ಸುರಂಗದೊಳಗೆ ನನ್ನನ್ನು ಬಗ್ಗಿಸಿ ನಡೆಸಿದಿರಿ. ಪಾದ ಮುಳುಗುವಷ್ಟು ತಣ್ಣನೆಯ ನೀರು, ಕಿವಿಯ ಪಕ್ಕದಲ್ಲೇ ಬಾವಲಿಯ ರೆಕ್ಕೆ. ಕೊರೆಯುವಾಗ ಮೇಣದಬತ್ತಿ ಹಚ್ಚಿಡುತ್ತಿದ್ದೆವು, ಅದು ನಂದಿದರೆ ಗಾಳಿ ಸಾಲದೆಂದು ಲೆಕ್ಕ, ಕೂಡಲೇ ಹೊರಗೆ ಬರಬೇಕು ಎಂದಿರಿ. ನಾನು ಬರೆದ ಯಾವ ಪ್ರೇತವೂ ಆ ಮೇಣದಬತ್ತಿಯಷ್ಟು ಹೆದರಿಸುವುದಿಲ್ಲ. ನನ್ನ ಹೊಸ ಕಥೆ ನಿಂತಿರುವುದೇ ಅದರ ಮೇಲೆ.

ಪುಸ್ತಕ ಅಚ್ಚಾಗಿದೆ. ನಿಮ್ಮ ಪ್ರತಿ ತೆಗೆದಿಟ್ಟಿದ್ದೇನೆ. ಇದನ್ನು ಓದುವವರಲ್ಲಿ ಈ ಅಣ್ಣನನ್ನು ಬಲ್ಲವರು ದಯವಿಟ್ಟು ನನಗೆ ತಿಳಿಸಿ. ದೊಡ್ಡ ಉಪಕಾರವಾಯಿತು ಅಣ್ಣಾ.